ಊರಿನ ಉದ್ಯಾನಕ್ಕೆ ಹಣವೆಲ್ಲಿಂದ?

ಮನೆಗೆ ಅಂಗಳವೆಂತೋ ಊರಿಗೆ ಉದ್ಯಾನವಂತೆ. ಆದರೆ ಸಣ್ಣ ನಗರದಲ್ಲಿ ಅದಕ್ಕೆ ಹಣ ಒದಗುವುದೆಂತು? ನಮ್ಮ ರಾಜ್ಯದ 1964ರ ಪುರಸಭೆಗಳ ಕಾಯಿದೆಯು ಚರಂಡಿ, ಬೀದಿದೀಪಗಳನ್ನು ಕಡ್ಡಾಯ ಕರ್ತವ್ಯವೆಂದಿದೆ. ಉದ್ಯಾನವನ್ನು ಮಾತ್ರ ಐಚ್ಛಿಕ ಕಾರ್ಯಗಳ ಸಾಲಿಗೆ ಸೇರಿಸಿದೆ. ಎಲ್ಲರೂ ಉಂಡು ಮಿಕ್ಕಿದ್ದು ಮಕ್ಕಳ ಉಯ್ಯಾಲೆಗೆ! 1992ರ ಸಂವಿಧಾನ ತಿದ್ದುಪಡಿಯು ಹನ್ನೆರಡನೆಯ ಅನುಸೂಚಿಯಲ್ಲಿ ಉದ್ಯಾನ, ಆಟದ ಮೈದಾನಗಳ ಹೆಸರನ್ನೇನೋ ಹೇಳಿತು; ಹಣದ ಗಂಟನ್ನು ಜತೆಗೆ ಕಟ್ಟಿಕೊಡಲಿಲ್ಲ.

ಗ್ರಂಥಾಲಯದ ಸಂಗತಿ ನೋಡಿ. ಆಸ್ತಿ ತೆರಿಗೆಯ ಮೇಲೆ ರೂಪಾಯಿಗೆ 6 ಪೈಸೆಯಂತೆ ಅದಕ್ಕೆಂದೇ ಕರವುಂಟು. 1965ರ ಗ್ರಂಥಾಲಯ ಕಾಯಿದೆಯ ಫಲವಿದು. ವಾಚನಾಲಯಗಳಿಗೆ ಪುಸ್ತಕ, ಪತ್ರಿಕೆಗಳು ಬರುವುದು ಬಹುಮಟ್ಟಿಗೆ ಈ ಬಿಡಿಕಾಸಿನಿಂದ. ಉದ್ಯಾನಕ್ಕೂ ಇಂಥ ಮೀಸಲು ಏಕಿರಬಾರದು? ಪ್ರವೇಶಶುಲ್ಕವಿಟ್ಟರೆ ಸಾಲದೆ ಎನ್ನುವವರುಂಟು. ಬಾಗಿಲಲ್ಲಿ ಕಾಸು ಕೇಳಿದರೆ ಮೊದಲು ಹಿಂದಿರುಗುವವರು ಮನೆಗೆ ಅಂಗಳವೇ ಇಲ್ಲದವರು.

ಇರುವ ನೆಲವನ್ನು ಕಾಯುವುದು ಇನ್ನೊಂದು ಕಷ್ಟ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದಿಟ್ಟ ನಿವೇಶನವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಂಚಿಕೆ ಸಲ್ಲದೆಂದಿತು. ತಮ್ಮ ಬಡಾವಣೆಯ ನಕ್ಷೆಯಲ್ಲಿ ಉದ್ಯಾನದ ಜಾಗ ಎಲ್ಲಿದೆಯೆಂದು ವಾಚಕರೂ ಕಚೇರಿಗೆ ಹೋಗಿ ನೋಡಬಹುದು. ಮುಂಗಡಪತ್ರ ಮಾರ್ಚಿಯೊಳಗೆ ಸಿದ್ಧವಾಗುತ್ತದೆ. ಬೇಲಿಯ ಖರ್ಚನ್ನು ವಾರ್ಡಿನ ಸದಸ್ಯರ ಬಳಿ ಅದಕ್ಕೆ ಮೊದಲೇ ಕೇಳಬೇಕು.