ಹೊಲದ ನಡುವಿನ ಬುರುಜು

ಚಳ್ಳಕೆರೆಯಿಂದ ಬಳ್ಳಾರಿ ರಸ್ತೆ ಹಿಡಿದು ಕಾದಂಬರಿಕಾರ ತ.ರಾ.ಸು. ಅವರ ಮನೆತನದ ಊರು ತಳುಕು ದಾಟಿದರೆ ಎರಡೂ ಕಡೆ ಶೇಂಗಾ ಹೊಲ, ಅಲ್ಲಲ್ಲಿ ಜಾಲಿ, ಮುಂದೆ ಮೊಳಕಾಲ್ಮೂರು ಸೀಮೆಯ ಕಲ್ಲುಗುಡ್ಡಗಳು. ಹೆದ್ದಾರಿ ಬಿಟ್ಟು ಮಣ್ಣುದಾರಿಗಿಳಿದರೆ ಸಣ್ಣದೊಂದು ಹಳ್ಳಿಯ ಅಂಚಿನಲ್ಲಿ, ಕಣಕ್ಕೆ ಹೊಂದಿಕೊಂಡಂತೆ, ಗುಂಡನೆಯ ಬುರುಜು ನಿಂತಿದೆ. ಬಳ್ಳಾರಿ ಕಡೆಯವರು ಹುಡೇವು ಎನ್ನುವುದು ಇದನ್ನೇ. ಚಿತ್ರದುರ್ಗದ ಕೋಟೆಯ ಲಾಲ್ ಬತ್ತೇರಿ, ಝಂಡಾ ಬತ್ತೇರಿ ನೋಡಲು ಹೋಗುವವರು ಇತ್ತ ತಿರುಗುವುದಿಲ್ಲ. ತಿರುಗಬೇಕು.

ಹತ್ತಿರ ಹೋಗಿ ಗೋಡೆ ಮುಟ್ಟಿ ನೋಡಿ. ತಳದಲ್ಲಿ ಉಳಿ ಕಾಣದ ಕಾಡುಗಲ್ಲುಗಳು. ಎರಡು ಕಲ್ಲಿನ ಸಂದಿಗೆ ಚಕ್ಕೆ ಬಡಿದು ಬಿಗಿ ಮಾಡಿದ್ದಾರೆ, ಒಳಗೆ ಕೆಮ್ಮಣ್ಣು ತುಂಬಿದ್ದಾರೆ. ಗಾರೆ ಇಲ್ಲ. ಮೇಲಕ್ಕೆ ಹೋದಂತೆ ಗೋಡೆ ಒಳಕ್ಕೆ ವಾಲುತ್ತದೆ, ಅದರ ಭಾರವೇ ಅದನ್ನು ಹಿಡಿದಿಟ್ಟಿದೆ. ಬಾಗಿಲು ನೆಲದ ಮಟ್ಟದಲ್ಲಿಲ್ಲ, ಎರಡಾಳೆತ್ತರದಲ್ಲಿದೆ. ಏಣಿ ಹಾಕಿ ಹತ್ತುವುದು, ಹತ್ತಿದ ಮೇಲೆ ಏಣಿಯನ್ನು ಒಳಕ್ಕೆಳೆದುಕೊಳ್ಳುವುದು. ಕೋವಿಗಂಡಿಗಳು ಒಳಗೆ ಅಗಲ, ಹೊರಗೆ ಕಿರಿದು. ಕೆಲವು ಕೆಳಮುಖವಾಗಿವೆ, ಗೋಡೆಯ ಬುಡಕ್ಕೆ ಬಂದವನ ಮೇಲೂ ಗುರಿ ಇಡಲೆಂದು.

ಕಣದಲ್ಲಿ ಕುರಿ ಬಿಟ್ಟುಕೊಂಡಿದ್ದ ಅಜ್ಜ ಕೂಗಿದರು: "ಹತ್ತಬ್ಯಾಡ್ರಿ ಸಾಮಿ, ಮ್ಯಾಲೆ ಕಲ್ಲು ಸಡ್ಲಾಗೈತೆ." ಬುರುಜಿನ ಬುಡದಲ್ಲೊಂದು ತಗ್ಗು ತೋರಿಸಿ, ಅದು ಹಗೇವು ಅಂದರು. ಜೋಳ ತುಂಬಿ ಮೇಲೆ ಮಣ್ಣು ಮುಚ್ಚುತ್ತಿದ್ದ ನೆಲಮಾಳಿಗೆ ಅದು. ಕಾವಲು ಯಾಕೆ ಇಲ್ಲೇ ನಿಂತಿದೆ ಎನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ. ಈ ಬುರುಜು ಕಾದದ್ದು ಕಾಳನ್ನು, ದನಕರುಗಳನ್ನು.

ಕಾಳಿನ ಬೆಲೆ ಏನೆಂದು ಈ ತಾಲ್ಲೂಕಿನ ನೆಲ ಕಂಡಿದೆ. 1695ರಲ್ಲಿ ಔರಂಗಜೇಬನ ಸರದಾರ, ಸಿರಾದ ಫೌಜುದಾರ ಖಾಸಿಂ ಖಾನ್, ಮರಾಠಾ ಸೇನಾಪತಿ ಸಂತಾಜಿ ಘೋರ್ಪಡೆಯ ಏಟು ತಾಳಲಾರದೆ ಚಳ್ಳಕೆರೆ ಪಕ್ಕದ ದೊಡ್ಡೇರಿಯ ಕೋಟೆಗೆ ಹೊಕ್ಕ. ಚಿತ್ರದುರ್ಗದ ಭರಮಣ್ಣ ನಾಯಕನ ಬೆಂಬಲ ಸಂತಾಜಿಗಿತ್ತು. ಕೋಟೆ ಚಿಕ್ಕದು, ದಂಡು ದೊಡ್ಡದು. ಸುತ್ತಲೂ ಮುತ್ತಿಗೆ. ದವಸ ತೀರಿತು, ಮೇವೂ ತೀರಿತು. ಖಾಸಿಂ ಖಾನ್ ಒಳಗೇ ಸತ್ತ. ವಿಷ ತೆಗೆದುಕೊಂಡ ಎಂದೂ ಹೇಳುತ್ತಾರೆ. ಉಳಿದವರು ಭಾರಿ ಹಣ ತೆರಲೊಪ್ಪಿ ಜೀವ ಉಳಿಸಿಕೊಂಡರು. ಬಾದಶಹನ ಸೈನ್ಯವನ್ನೇ ಹಸಿವು ಹೀಗೆ ಮಣಿಸಿತು. ದಂಡು ಹಾದುಹೋಗುವ ದಾರಿಯ ಒಕ್ಕಲಿಗನ ಗತಿ ಏನಾಗಿರಬೇಡ! ಚರಿತ್ರೆಯ ಪುಸ್ತಕದಲ್ಲಿ ಖಾನನ ಹೆಸರಿದೆ, ಸಂತಾಜಿಯ ಹೆಸರಿದೆ. ಹೊಲದ ಕಲ್ಲು ಹೊತ್ತು ಬುರುಜು ಕಟ್ಟಿದವರದ್ದಿಲ್ಲ. ನನಗೆ ದೊಡ್ಡ ಕೋಟೆಗಳಿಗಿಂತ ಇದು ಹೆಚ್ಚೆನಿಸುವುದು ಅದಕ್ಕೇ.

ಇದೇ ಸೀಮೆಯಲ್ಲಿ, ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿ, 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದ ಅಶೋಕನ ಶಾಸನವಿದೆ. ಆ ಬಂಡೆಗೆ ಸೂರು ಸಿಕ್ಕಿದೆ. ಅಲ್ಲೇ ಪಕ್ಕದ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿದ್ದರಿಂದ ಪುರಾತತ್ವ ಓದಿದವರಿಗೆಲ್ಲ ಆ ಹೆಸರು ಗೊತ್ತು. ಈ ಬುರುಜಿಗೆ ಒಂದು ಫಲಕವೂ ಇಲ್ಲ. ಪಶ್ಚಿಮದ ಮಗ್ಗುಲಲ್ಲಿ ಅರಳಿ ಸಸಿಯೊಂದು ಬೇರು ಬಿಟ್ಟು ಕಲ್ಲನ್ನು ಹೊರಕ್ಕೆ ನೂಕುತ್ತಿದೆ. ಕೆಳಗಿನ ಒಂದು ಸಾಲು ಕಲ್ಲು ಆಗಲೇ ಯಾವುದೋ ಪಾಯಕ್ಕೆ ಹೋಗಿದೆ. ತಳದ ಕಲ್ಲು ಕಿತ್ತರೆ ಗಾರೆಯಿಲ್ಲದ ಕಟ್ಟಡ ಒಂದು ಜೋರು ಮಳೆಗೆ ಕುಸಿಯುತ್ತದೆ.

ಇದನ್ನು ಉಳಿಸಲು ಕೋಟಿ ರೂಪಾಯಿ ಬೇಡ. ಸಸಿ ಇನ್ನೂ ಚಿಕ್ಕದಿರುವಾಗಲೇ ಕೀಳಿಸಿ, ಬುಡಕ್ಕೆ ಕಲ್ಲು ಮಣ್ಣು ಕಟ್ಟಿಸಿ, ಕಲ್ಲು ಒಯ್ಯಬಾರದೆಂದು ಗ್ರಾಮ ಪಂಚಾಯಿತಿ ಒಂದು ಠರಾವು ಮಾಡಿದರೆ ಸಾಕು. ನಿಮ್ಮೂರಿನಲ್ಲೂ ಇಂಥ ಬುರುಜು ಇದ್ದರೆ ಮುಂದಿನ ಗ್ರಾಮಸಭೆಯಲ್ಲಿ ದಯವಿಟ್ಟು ಈ ಮಾತು ಎತ್ತಿ.