ಬಾವಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ?

ಗೋವಾದ ವೆರ್ಣಾ ಗುಡ್ಡದ ಮುರಕಲ್ಲು ಮಳೆನೀರನ್ನು ಹೀರಿ ಕೆಳಗಿನ ಬಾವಿ, ಒರತೆಗಳಿಗೆ ಉಣಿಸುತ್ತದೆ. ಇಂಧನ ಸೋರಿದರೆ ಅದೂ ಇದೇ ದಾರಿ ಹಿಡಿಯುತ್ತದೆ. 2024ರಲ್ಲಿ ವೆರ್ಣಾಕ್ಕೆ ದೂರವಲ್ಲದ ವಾಸ್ಕೋದ ಮಾಯ್ಮೊಳೆಯಲ್ಲಿ ಬಾವಿಗಳಲ್ಲೇ ಇಂಧನ ಕಾಣಿಸಿಕೊಂಡು ಜನ ಕಂಗಾಲಾದರು.

ಇಂಥಲ್ಲಿ ತನಿಖೆ ಹೇಗೆ? ಮೊದಲು ಸೋರಿಕೆ ನಿಲ್ಲಿಸಬೇಕು. ಬಳಿಕ ಬೇರೆ ಬೇರೆ ಆಳದ ಮಣ್ಣನ್ನು ತೆಗೆದು ಪರೀಕ್ಷಿಸುತ್ತಾರೆ. ತ್ರಿಕೋನದಂತೆ ಕನಿಷ್ಠ 3 ಕೊಳವೆಬಾವಿ ಕೊರೆದು ನೀರಿನ ಮಟ್ಟ ಅಳೆದರೆ, ಅಂತರ್ಜಲ ಯಾವ ಕಡೆ ಹರಿಯುತ್ತಿದೆ, ಮುಂದೆ ಯಾರ ಮನೆಯ ಬಾವಿಗೆ ಅಪಾಯ ಎಂಬುದು ತಿಳಿಯುತ್ತದೆ. ಮಳೆಗಾಲದಲ್ಲಿ ನೀರಿನ ಮಟ್ಟ ಏರುವುದರಿಂದ ಬೇಸಿಗೆಯ ಒಂದೇ ಪರೀಕ್ಷೆ ಸಾಲದು.

ನೀರು ತಿಳಿಯಾಗಿದೆಯೆಂದು ನಂಬಬೇಡಿ. ಪೆಟ್ರೋಲ್ ಮೇಲೆ ತೇಲಿದರೂ ಅದರಲ್ಲಿರುವ ಬೆಂಜೀನ್ ನೀರಿನಲ್ಲಿ ಕರಗುತ್ತದೆ. ಅದು ರಕ್ತದ ಕ್ಯಾನ್ಸರಿಗೆ ಕಾರಣವಾಗಬಲ್ಲದು. ಕುಡಿಯುವ ನೀರಿನಲ್ಲಿ ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವ ಮಿತಿ ಲೀಟರಿಗೆ ಕೇವಲ 0.01 ಮಿಲಿಗ್ರಾಂ.

ವಾಸನೆ ಬಂದರೆ ಬಾವಿಯ ಬಳಿ ಬೆಂಕಿಕಡ್ಡಿ ಗೀರಬೇಡಿ, ಪಂಪು ಹಾಕಬೇಡಿ. ಆ ನೀರನ್ನು ಕುದಿಸಿದರೆ ವಿಷದ ಆವಿ ಅಡುಗೆಮನೆ ತುಂಬೀತು. ಪಂಚಾಯತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಬರೆದು ತಿಳಿಸಿ. ನೆರೆಮನೆಯವರಿಗೂ ಹೇಳಿ. ನೆಲದಡಿಯ ನೀರಿಗೆ ಬೇಲಿಯಿಲ್ಲ.