ಮಿಸೊ ಸೂಪಿನ ರುಚಿ ಎಲ್ಲಿಂದ ಬರುತ್ತದೆ?

ಪ್ರಶ್ನೆ: ಅಂಗಡಿಯಿಂದ ಮಿಸೊ (ಹುದುಗು ಬರಿಸಿದ ಸೋಯಾ ಮುದ್ದೆ) ತಂದು ಬಿಸಿನೀರಿಗೆ ಕದಡಿದರೂ ಮನೆಯ ಸೂಪ್ ಸಪ್ಪೆ ಎನಿಸುವುದೇಕೆ?

ಉತ್ತರ: ಬರಿಯ ಬಿಸಿನೀರೇ ಕಾರಣ. ಜಪಾನಿನಲ್ಲಿ ಮಿಸೊ ಕದಡುವುದು ದಾಶಿ ಎಂಬ ತಿಳಿಯಾದ ರಸದಲ್ಲಿ. ಹೋಳಿಗೆ ಸಾರಿಗೆ ಬೇಳೆಯ ಕಟ್ಟು ಹೇಗೋ, ಈ ಸೂಪಿಗೆ ದಾಶಿ ಹಾಗೆ.

ದಾಶಿಗೆ ಬೇಕಾದವು ಎರಡು: ಕೊಂಬು ಎಂಬ ಒಣಗಿಸಿದ ಕಡಲಪಾಚಿ ಮತ್ತು ಬೇಯಿಸಿ, ಹೊಗೆಯಲ್ಲಿ ಒಣಗಿಸಿ, ತೆಳ್ಳಗೆ ಹೆರೆದ ಕತ್ಸುಒಬುಶಿ ಮೀನು. 1908ರಲ್ಲಿ ಟೋಕಿಯೊದ ರಸಾಯನವಿಜ್ಞಾನಿ ಕಿಕುನಾಎ ಇಕೆಡ ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣವೆಂದು ಕಂಡುಹಿಡಿದು, ಆ ರುಚಿಯನ್ನು ‘ಉಮಾಮಿ’ ಎಂದು ಕರೆದರು. 1913ರಲ್ಲಿ ಅವರ ಶಿಷ್ಯ ಶಿಂತಾರೊ ಕೊಡಾಮ ಕತ್ಸುಒಬುಶಿಯಲ್ಲಿ ಉಮಾಮಿ ಕೊಡುವ ಇನ್ನೊಂದು ವಸ್ತು ಇನೊಸಿನೇಟ್ ಅನ್ನು ಗುರುತಿಸಿದರು. ಈ ಎರಡೂ ಒಂದೇ ಪಾತ್ರೆಯಲ್ಲಿ ಸೇರಿದಾಗ ಉಮಾಮಿ ಹಲವು ಪಟ್ಟು ಹೆಚ್ಚುತ್ತದೆ.

ಮಾಡುವುದು ಸುಲಭ. ಒಂದು ಲೀಟರ್ ನೀರಿನಲ್ಲಿ ಸುಮಾರು 10 ಗ್ರಾಂ ಕೊಂಬುವನ್ನು ಅರ್ಧ ಗಂಟೆ ನೆನೆಸಿ, ಸಣ್ಣ ಉರಿಯಲ್ಲಿಟ್ಟು, ಕುದಿ ಬರುವ ಮೊದಲೇ ತೆಗೆಯಬೇಕು. ಕುದಿಸಿದರೆ ಲೋಳೆ ಬಿಟ್ಟು ಕಹಿಯಾಗುತ್ತದೆ. ಬಳಿಕ ನೀರನ್ನು ಒಂದು ಕುದಿ ಬರಿಸಿ, ಉರಿ ಆರಿಸಿ, ಸುಮಾರು 20 ಗ್ರಾಂ ಮೀನಿನ ಹೆರಕಲನ್ನು ಹಾಕಿ, ಒಂದೆರಡು ನಿಮಿಷ ಬಿಟ್ಟು ಸೋಸಿದರೆ ದಾಶಿ ಸಿದ್ಧ.

ಸಸ್ಯಾಹಾರಿಗಳೂ ಧೈರ್ಯವಾಗಿ ಮಾಡಬಹುದು. ಜಪಾನಿನ ಬೌದ್ಧ ಮಠಗಳ ‘ಶೋಜಿನ್ ರ್‍ಯೋರಿ’ ಅಡುಗೆಯಲ್ಲಿ ಮೀನಿಲ್ಲ; ಕೊಂಬುವಿನ ಜೊತೆಗೆ ಒಣ ಶಿಟಾಕೆ ಅಣಬೆ ನೆನೆಸುತ್ತಾರೆ. ಅಣಬೆಯ ಗ್ವಾನಿಲೇಟ್ ಇನೊಸಿನೇಟ್‌ನ ಕೆಲಸವನ್ನೇ ಮಾಡುತ್ತದೆ.

ದಾಶಿಯಲ್ಲಿ ತೋಫು, ಈರುಳ್ಳಿ ಸೊಪ್ಪು ಬೆಂದ ಮೇಲೆ, ಉರಿ ಆರಿಸಿ ಮಿಸೊ ಕದಡಿ. ಮತ್ತೆ ಕುದಿಸಿದರೆ ಹುದುಗು ಬಂದ ಸೋಯಾದ ಘಮ ಹಾರಿಹೋಗುತ್ತದೆ.